ಎರಡು ಅಂಗೈ ಅಗಲದ ಹಿಡಿತ

ಬೈಕು, ಸವಾರ ಸೇರಿ ಸುಮಾರು 250 ಕಿಲೋ. ಇಷ್ಟು ಭಾರ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದನ್ನು ನೆಲಕ್ಕೆ ಹಿಡಿದಿಡುವುದು ಎರಡು ಟೈರುಗಳ ಅಡಿಯಲ್ಲಿ ತಲಾ ಒಂದು ಅಂಗೈಯಷ್ಟು ರಬ್ಬರು. ವೇಗ ಕೂಡಿಸಲು, ತಗ್ಗಿಸಲು, ತಿರುಗಲು ಬೇಕಾದ ಬಲವೆಲ್ಲ ಹುಟ್ಟುವುದು ಅಲ್ಲೇ. ಆ ಹಿಡಿತವನ್ನು ಯಾವ ಕೆಲಸಕ್ಕೆ ಯಾವಾಗ ಎಷ್ಟು ಕೊಡಬೇಕು ಎಂಬುದೇ ರೇಸ್ ಟ್ರ್ಯಾಕ್‌ಗೆ ಮೊದಲ ಸಲ ಇಳಿಯುವವರು ಕಲಿಯಬೇಕಾದ ವಿದ್ಯೆ. ಧೈರ್ಯಕ್ಕೆ ಇದರಲ್ಲಿ ದೊಡ್ಡ ಪಾತ್ರವಿಲ್ಲ.

ಭಾನುವಾರ ಬೆಳಗಾದರೆ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆಗೆ ಬೈಕುಗಳ ಸಾಲು ಹೊರಡುತ್ತದೆ. ಬೆಟ್ಟದ ತಿರುವಿನಾಚೆ ಬಸ್ಸು ಬರುತ್ತಿದೆಯೋ, ಜಲ್ಲಿ ಚೆಲ್ಲಿದೆಯೋ, ನಾಯಿ ಮಲಗಿದೆಯೋ ಕಾಣುವುದಿಲ್ಲ. ಟ್ರ್ಯಾಕ್‌ನಲ್ಲಿ ಎದುರು ವಾಹನವಿಲ್ಲ. ಅದೇ ತಿರುವು ಮತ್ತೆ ಮತ್ತೆ ಬರುತ್ತದೆ. ಬಿದ್ದರೂ ಜಾರಿಕೊಂಡು ಹೋಗಲು ಅಂಚಿನಾಚೆ ಖಾಲಿ ಜಾಗ ಬಿಟ್ಟಿರುತ್ತಾರೆ. ಕರ್ನಾಟಕದ ಸವಾರರು ಹೆಚ್ಚಾಗಿ ಹೋಗುವುದು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೆ. 1990ರಲ್ಲಿ ತೆರೆದ ಆ ಟ್ರ್ಯಾಕ್‌ನ ಸುತ್ತು ಸುಮಾರು 3.7 ಕಿಲೋಮೀಟರ್, ತಿರುವುಗಳು 12. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೊಂದು.

ತಿರುವಿನಲ್ಲಿ ಬೈಕು ಎಷ್ಟು ವಾಲಬೇಕು ಎಂಬುದನ್ನು ನಿರ್ಧರಿಸುವುದು ವೇಗ ಮತ್ತು ತಿರುವಿನ ತ್ರಿಜ್ಯ. 40 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ದಾಟಲು ಸುಮಾರು 35 ಡಿಗ್ರಿ ವಾಲಿದರೆ ಸಾಕು. 72ರಲ್ಲಿ ದಾಟಲು 45 ಡಿಗ್ರಿ ಮೀರಬೇಕು. ವೇಗ ಹೆಚ್ಚಿದ್ದು ಶೇಕಡಾ 20. ಟೈರು ಪಕ್ಕಕ್ಕೆ ಕೊಡಬೇಕಾದ ಬಲ ಹೆಚ್ಚಿದ್ದು ಶೇಕಡಾ 44. ವೇಗದ ವರ್ಗಕ್ಕೆ ತಕ್ಕಂತೆ ಬಲ ಏರುವುದರಿಂದ, ‘ಇನ್ನು ಸ್ವಲ್ಪ ಜೋರಾಗಿ ಹೋಗೋಣ’ ಎನ್ನುವಾಗಿನ ಸ್ವಲ್ಪ ಟೈರಿನ ಪಾಲಿಗೆ ಸ್ವಲ್ಪವಾಗಿರುವುದಿಲ್ಲ. ಮೋಟೊಜಿಪಿ ರೇಸಿನ ಸವಾರರು 60 ಡಿಗ್ರಿಗೂ ಹೆಚ್ಚು ವಾಲುವುದು ಅದಕ್ಕೆಂದೇ ಮಾಡಿದ, ಬಿಸಿಯೇರಿಸಿದ ಟೈರುಗಳ ಮೇಲೆ. ಅಂಗಡಿಯಲ್ಲಿ ಸಿಗುವ ಟೈರಿನಲ್ಲಿ ಮೊಣಕಾಲು ನೆಲಕ್ಕೆ ತಾಗಿಸುವ ಹಂಬಲ ಮೊದಲ ದಿನಕ್ಕೆ ಬೇಡ.

ವಾಲಿಸುವ ಬಗೆಯೂ ವಿಚಿತ್ರ. ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲ್ಲಿನ ಎಡ ತುದಿಯನ್ನು ಮುಂದಕ್ಕೆ ಒತ್ತಬೇಕು. ಮುಂದಿನ ಚಕ್ರ ಕ್ಷಣಮಾತ್ರ ಬಲಕ್ಕೆ ಹೊರಳಿ ಬೈಕಿನ ಬುಡವನ್ನು ಬಲಕ್ಕೆ ಎಳೆಯುತ್ತದೆ. ಮೇಲಿನ ಭಾರ ಎಡಕ್ಕೆ ವಾಲುತ್ತದೆ. ವಾಲಿದ ಬೈಕು ಎಡಕ್ಕೆ ತಿರುಗುತ್ತದೆ. ಎಲ್ಲರೂ ತಿಳಿಯದೆಯೇ ಹೀಗೆ ಮಾಡುತ್ತಾರೆ. ಮೈ ವಾಲಿಸಿದ್ದರಿಂದ ಬೈಕು ತಿರುಗಿತು ಎಂದುಕೊಳ್ಳುತ್ತಾರೆ. 1980ರಲ್ಲಿ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಕಟ್ಟಿದ ಕೀತ್ ಕೋಡ್ ಇದನ್ನು ತೋರಿಸಲೆಂದೇ ಒಂದು ಬೈಕಿಗೆ ಚೌಕಟ್ಟಿಗೆ ಬಿಗಿದ, ಅಲುಗಾಡದ ಇನ್ನೊಂದು ಹ್ಯಾಂಡಲ್ ಕೂರಿಸಿದರು. ಅದನ್ನು ಹಿಡಿದು ಎಷ್ಟು ಮೈ ಬಗ್ಗಿಸಿದರೂ ಬೈಕು ಬೇಕಾದ ಹಾಗೆ ತಿರುಗುವುದಿಲ್ಲ. ಅವರ ಶಾಲೆ ಚೆನ್ನೈನ ಟ್ರ್ಯಾಕ್‌ನಲ್ಲೂ ತರಬೇತಿ ನಡೆಸಿದೆ.

ಇನ್ನು ಬ್ರೇಕು. ಬ್ರೇಕು ಹಿಡಿದಾಗ ಭಾರ ಹಿಂದಿನ ಚಕ್ರದಿಂದ ಮುಂದಿನದಕ್ಕೆ ಬರುತ್ತದೆ; ಹಿಡಿತವೂ ಅದರ ಜೊತೆಗೇ ಬರುತ್ತದೆ. ಆದ್ದರಿಂದ ಬೈಕು ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದು. ಆದರೆ ಲಿವರನ್ನು ಗಬಕ್ಕನೆ ಹಿಡಿದರೆ ಭಾರ ಬಂದು ಕೂರುವ ಮೊದಲೇ ಚಕ್ರ ಲಾಕ್ ಆಗಬಹುದು. ಮೊದಲು ಮೆಲ್ಲಗೆ ಹಿಡಿದು, ಭಾರ ಬಂದಂತೆ ಒತ್ತಡ ಹೆಚ್ಚಿಸಬೇಕು.

ಬ್ರೇಕು ಮತ್ತು ತಿರುವು ಎರಡೂ ಒಟ್ಟಿಗೆ ಬಂದಾಗ ಟೈರಿನ ಲೆಕ್ಕ ಇನ್ನೂ ಸೂಕ್ಷ್ಮ. ಹಿಡಿತದ ಶೇಕಡಾ 60 ತಿರುವಿಗೆ ಹೋದರೆ ಬ್ರೇಕಿಗೆ ಉಳಿಯುವುದು 40 ಎಂದು ತೋರುತ್ತದೆ. ನಿಜಕ್ಕೂ ಉಳಿಯುವುದು 80. ಎರಡು ಬಲಗಳೂ ಪರಸ್ಪರ ಲಂಬವಾಗಿರುವುದರಿಂದ ಇಲ್ಲಿ ನಡೆಯುವುದು ಹೈಸ್ಕೂಲಿನಲ್ಲಿ ಕಲಿತ ಪೈಥಾಗರಸನ ಲೆಕ್ಕ. ಹಾಗೆಂದು ಹಿಗ್ಗಬೇಕಾಗಿಲ್ಲ. ತಿರುವಿಗೇ 95 ಹೋದರೆ ಬ್ರೇಕಿಗೆ ಉಳಿಯುವುದು ಸುಮಾರು 31, ನೂರೂ ಹೋದರೆ ಸೊನ್ನೆ. ಗಡಿಯ ಹತ್ತಿರ ಉಳಿಕೆ ದಡದಡ ಕುಸಿಯುತ್ತದೆ. ಹೊಸಬರು ಬೀಳುವುದು ಅಲ್ಲೇ. ಅದಕ್ಕಾಗಿ ಗುರುಗಳು ಹೇಳುವ ಕ್ರಮ ಇದು: ಬೈಕು ನೆಟ್ಟಗಿರುವಾಗಲೇ ಬ್ರೇಕು ಮುಗಿಸಿ, ಆಮೇಲೆ ವಾಲಿಸಿ, ತಿರುವಿನುದ್ದಕ್ಕೂ ಆಕ್ಸಿಲರೇಟರನ್ನು ಒಂದೇ ಹದದಲ್ಲಿ ತೆರೆಯುತ್ತ ಹೋಗಿ. ನಡುವೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ, ಮೊದಲೇ ದುಡಿಯುತ್ತಿರುವ ಮುಂದಿನ ಟೈರಿನ ಮೇಲೆ ಮತ್ತಷ್ಟು ಭಾರ ಬೀಳುತ್ತದೆ.

ಸುರಕ್ಷತೆಗೆ ಪುಕ್ಕಟೆಯಾಗಿ ಸಿಗುವ ಸಹಾಯವೆಂದರೆ ದಾರಿಯ ಆಯ್ಕೆ. 10 ಮೀಟರ್ ಅಗಲದ ಟ್ರ್ಯಾಕ್‌ನಲ್ಲಿ ಒಳ ಅಂಚಿನ ತ್ರಿಜ್ಯ 30 ಮೀಟರ್ ಇರುವ ಒಂದು ಲಂಬಕೋನದ ತಿರುವು ಇದೆಯೆನ್ನಿ. ನಟ್ಟನಡುವೆ ಹೋದರೆ ನಿಮ್ಮ ದಾರಿಯ ತ್ರಿಜ್ಯ 35 ಮೀಟರ್. ಹೊರ ಅಂಚಿನಿಂದ ಹೊರಟು, ನಡುವಿನಲ್ಲಿ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಬಂದರೆ ತ್ರಿಜ್ಯ ಸುಮಾರು 64 ಮೀಟರ್. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮೊದಲ ದಾರಿಗೆ 29 ಡಿಗ್ರಿ ವಾಲಬೇಕು, ಎರಡನೆಯದಕ್ಕೆ 17 ಡಿಗ್ರಿ ಸಾಕು. ರೇಸಿನವರು ಈ ಉಳಿತಾಯವನ್ನು ವೇಗಕ್ಕೆ ಖರ್ಚು ಮಾಡುತ್ತಾರೆ. ಹೊಸಬರು ಅದನ್ನು ಹಾಗೇ ಕೈಯಲ್ಲಿಟ್ಟುಕೊಳ್ಳುವುದು ಜಾಣತನ. ಕಣ್ಣು ಮಾತ್ರ ಮುಂದಿನ ತಿರುವಿನ ಮೇಲಿರಲಿ. ಅಂಚಿನ ಹುಲ್ಲನ್ನೇ ದಿಟ್ಟಿಸಿದವರ ಬೈಕು ಹುಲ್ಲಿಗೇ ಹೋಗುತ್ತದೆ.

ಹೊರಡುವ ಮೊದಲು ಚೈನು, ಬ್ರೇಕ್ ಪ್ಯಾಡು, ಟೈರು ನೋಡಿಸಿ. ಟ್ರ್ಯಾಕ್‌ಗೆ ಇಳಿಯುವ ಮುನ್ನ ಕನ್ನಡಿ ಬಿಚ್ಚಿ, ಹೆಡ್‌ಲೈಟಿನ ಗಾಜಿಗೆ ಟೇಪು ಅಂಟಿಸಿ. ಒಡೆದ ಚೂರು ಟ್ರ್ಯಾಕ್ ಮೇಲೆ ಉಳಿಯಬಾರದು. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿಯ ಒತ್ತಡ ಏರುತ್ತದೆ. ತರಬೇತುದಾರರನ್ನು ಕೇಳಿ ಹೊಂದಿಸಿಕೊಳ್ಳಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಚರ್ಮದ ಸೂಟು, ಬೆನ್ನಿನ ರಕ್ಷಾಕವಚ, ಮಣಿಕಟ್ಟು ಮುಚ್ಚುವ ಗ್ಲೌಸು, ಪಾದದ ಗಂಟಿಗಿಂತ ಮೇಲೆ ಬರುವ ಬೂಟು ಬೇಕೇ ಬೇಕು. ಜಾರುವಾಗ ಸವೆಯಬೇಕಾದ್ದು ಚರ್ಮದ ಸೂಟು, ನಿಮ್ಮ ಚರ್ಮವಲ್ಲ. ಬಿದ್ದರೆ ಬೈಕನ್ನು ಬಿಟ್ಟುಬಿಡಿ. ಮೈ ಪೂರ್ತಿ ನಿಲ್ಲುವ ತನಕ ಏಳಬೇಡಿ.

ಬಾವುಟಗಳ ಅರ್ಥ ಬಾಯಿಪಾಠವಿರಲಿ. ಹಳದಿ ಎಂದರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದೆ ಹಾಕಬಾರದು. ಕೆಂಪು ಎಂದರೆ ಓಟ ನಿಂತಿದೆ, ನಿಧಾನಿಸಿ ಪಿಟ್‌ಗೆ ಬನ್ನಿ. ಚೌಕುಳಿ ಬಾವುಟ ಎಂದರೆ ನಿಮ್ಮ ಓಟದ ಸರದಿ ಮುಗಿಯಿತು. ಜೋರಾಗಿ ಹೋಗುವವರು ನಿಮ್ಮನ್ನು ದಾಟುತ್ತಾರೆ. ಅವರಿಗಾಗಿ ದಾರಿ ಬದಲಿಸದೆ ನೀವು ಹೋಗುತ್ತಿದ್ದಂತೆಯೇ ಹೋಗಿ. ನಮ್ಮ ದೇಶದ ಸಾಮಾನ್ಯ ವಾಹನ ವಿಮೆ ರೇಸು, ವೇಗ ಪರೀಕ್ಷೆಗಳಲ್ಲಿ ಆದ ನಷ್ಟ ಕಟ್ಟಿಕೊಡುವುದಿಲ್ಲ ಎಂಬುದೂ ನೆನಪಿರಲಿ.

ಹಿಂದಿನ ಸಂಜೆಯೇ ಟ್ರ್ಯಾಕ್ ಇರುವ ಊರು ತಲುಪಿ, ಚೆನ್ನಾಗಿ ನಿದ್ದೆ ಮಾಡಿ, ಹೊಸಬರ ಗುಂಪಿನಲ್ಲೇ ಹೆಸರು ಬರೆಸಿ. ಬ್ರೇಕು ಹಿಡಿಯುವ ಹದ, ದೂರಕ್ಕೆ ನೋಡುವ ಅಭ್ಯಾಸ ನಿಮ್ಮೊಡನೆ ರಸ್ತೆಗೂ ಬರಲಿ. ವೇಗವನ್ನು ಮಾತ್ರ ಟ್ರ್ಯಾಕ್‌ನಲ್ಲೇ ಬಿಟ್ಟು ಬನ್ನಿ.