ಹೇಳಿಕೊಂಡ ಕಷ್ಟ ಹಾಡಾಯಿತು



ಹಾಡು ಯಾರಿಗೆ ಬೇಡ ಹೇಳಿ? ಬೀಸುವಾಗ ಹಾಡು. ನಾಟಿ ಹಾಕುವಾಗ ಹಾಡು. ತೊಟ್ಟಿಲು ತೂಗುವಾಗ ಹಾಡು. ಬಾಯಿಬಿಟ್ಟು ಹೇಳೋಕೆ ಆಗದ ಕಷ್ಟವನ್ನೂ ನಾವು ಹಾಡಿನಲ್ಲಿ ಹೇಳ್ತೀವಿ.

ಬೇರೆ ದೇಶದಲ್ಲೂ ಹೀಗೇ. ಅಮೆರಿಕದ ಒಬ್ಬ ಹಾಡುಗಾರ್ತಿಯ ಕಥೆಯನ್ನು ನಾವು ಈ ಪಾಠದಲ್ಲಿ ಓದೋಣ. ಅವರ ಹೆಸರು ಕ್ಯಾಂಡಿ ಸ್ಟೇಟನ್.

ಹತ್ತಿ ಹೊಲದ ಹುಡುಗಿ

ಅಮೆರಿಕದ ದಕ್ಷಿಣ ಭಾಗದಲ್ಲಿ ಅಲಬಾಮಾ ಎಂಬ ರಾಜ್ಯ ಇದೆ. ಅದು ಹತ್ತಿ ಬೆಳೆಯುವ ಸೀಮೆ. ಹಿಂದೆ ಆಫ್ರಿಕಾದಿಂದ ಕಪ್ಪು ಜನರನ್ನು ಹಡಗಿನಲ್ಲಿ ತುಂಬಿ ತಂದರು. ಅವರನ್ನೂ ಅವರ ಮಕ್ಕಳು ಮರಿಗಳನ್ನೂ ಹೊಲಗಳಲ್ಲಿ ಗುಲಾಮರಾಗಿ ದುಡಿಸಿದರು. 1865ರಲ್ಲಿ ಗುಲಾಮಗಿರಿ ಕೊನೆಯಾಯಿತು. ಆದರೆ ಬಡತನ ಹೋಗಲಿಲ್ಲ. ಭೇದಭಾವವೂ ಹೋಗಲಿಲ್ಲ. ಕಪ್ಪು ಜನರಿಗೆ ಬಸ್ಸಿನಲ್ಲಿ ಬೇರೆ ಸೀಟು. ಮಕ್ಕಳಿಗೆ ಬೇರೆ ಶಾಲೆ. ಬಿಳಿಯರ ಹೋಟೆಲಿನಲ್ಲಿ ಅವರಿಗೆ ಊಟ ಇಲ್ಲ.

ಇಂಥ ಅಲಬಾಮಾದ ಹ್ಯಾನ್ಸ್‌ವಿಲ್ ಎಂಬ ಊರಿನಲ್ಲಿ ಕ್ಯಾಂಡಿ ಹುಟ್ಟಿದರು. ಅದು 1940ರ ಮಾರ್ಚ್ 13. ಚಿಕ್ಕಂದಿನಲ್ಲಿ ಅವರೂ ಹತ್ತಿ ಬಿಡಿಸಿದವರೇ. ತಂದೆಗೆ ಕುಡಿತದ ಚಟ ಇತ್ತು. ತಾಯಿ ಮಕ್ಕಳನ್ನು ಕರೆದುಕೊಂಡು ಕ್ಲೀವ್‌ಲ್ಯಾಂಡ್ ಎಂಬ ದೂರದ ನಗರಕ್ಕೆ ಹೋದರು.

ಕ್ಯಾಂಡಿ ಹಾಡು ಕಲಿತದ್ದು ಚರ್ಚಿನಲ್ಲಿ. ಅವರದು ಒಳ್ಳೆಯ ಕಂಠ. ಅವರು, ಅವರ ಅಕ್ಕ ಮ್ಯಾಗಿ, ಇನ್ನೊಬ್ಬ ಹುಡುಗಿ ಸೇರಿ ಮೂವರ ಒಂದು ಮೇಳ ಆಯಿತು. 1950ರ ದಶಕದಲ್ಲಿ ಈ ಹುಡುಗಿಯರು ಊರೂರು ತಿರುಗಿ ದೇವರ ಹಾಡು ಹಾಡಿದರು.

ಸೋಲ್ ಅಂದರೇನು?

ಕ್ಯಾಂಡಿ ಮುಂದೆ ಹೆಸರು ಮಾಡಿದ್ದು 'ಸೋಲ್' ಎಂಬ ಹಾಡಿನ ಬಗೆಯಲ್ಲಿ. ಇದು ನಮ್ಮ ಕನ್ನಡದ ಗೆಲುವು ಸೋಲಿನ ಸೋಲು ಅಲ್ಲ! ಇಂಗ್ಲಿಷಿನಲ್ಲಿ ಸೋಲ್ ಅಂದರೆ ಆತ್ಮ. ಕಪ್ಪು ಜನರು ಚರ್ಚಿನಲ್ಲಿ ಮೈಮರೆತು ಹಾಡುತ್ತಿದ್ದರು. ಒಬ್ಬರು ಹೇಳಿದರೆ ಉಳಿದವರು ದನಿಗೂಡಿಸುತ್ತಿದ್ದರು. ಅದೇ ರೀತಿಯಲ್ಲಿ ಪ್ರೀತಿಯ ಬಗ್ಗೆ, ಸಂಸಾರದ ಬಗ್ಗೆ, ನೋವಿನ ಬಗ್ಗೆ ಹಾಡಿದರೆ ಅದು ಸೋಲ್. ಅಲ್ಲಿ ಬರೀ ರಾಗ ಸಾಲದು. ಹೊಟ್ಟೆಯೊಳಗಿನ ಸಂಕಟ ದನಿಯಲ್ಲಿ ಬರಬೇಕು.

ಕ್ಯಾಂಡಿಯ ದನಿಯಲ್ಲಿ ಅದು ಇತ್ತು. ಯಾಕೆ ಅಂದರೆ, ಅವರು ಸಂಕಟ ಕಂಡವರು. ಚಿಕ್ಕ ವಯಸ್ಸಿನಲ್ಲೇ ಮದುವೆ ಆಯಿತು. ನಾಲ್ಕು ಮಕ್ಕಳಾದವು. ಆ ಸಂಸಾರ ಉಳಿಯಲಿಲ್ಲ. ಮಕ್ಕಳನ್ನು ಸಾಕಬೇಕು. ಕೈಯಲ್ಲಿದ್ದ ವಿದ್ಯೆ ಅಂದರೆ ಹಾಡು. ಆದ್ದರಿಂದ ಅವರು ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ರಾತ್ರಿ ಹೊತ್ತು ಕ್ಲಬ್ಬಿನಲ್ಲಿ ಹಾಡತೊಡಗಿದರು.

ಅಲ್ಲಿ ಕ್ಲಾರೆನ್ಸ್ ಕಾರ್ಟರ್ ಎಂಬ ಹಾಡುಗಾರರ ಪರಿಚಯ ಆಯಿತು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೆ ಒಳ್ಳೆಯ ದನಿಯನ್ನು ಗುರುತಿಸುವ ಕಿವಿ ಇತ್ತು. ಅವರ ಮೂಲಕ ಕ್ಯಾಂಡಿ ಮಸಲ್ ಶೋಲ್ಸ್ ಎಂಬ ಊರಿನ ಹೆಸರಾದ ಸ್ಟುಡಿಯೋಗೆ ಹೋದರು. 1969ರಿಂದ ಅವರ ರೆಕಾರ್ಡುಗಳು ಒಂದರ ಮೇಲೆ ಒಂದು ಬಂದವು. ಜನ ಮೆಚ್ಚಿದರು.

ಡಿಸ್ಕೊ ಅಂದರೇನು?

1970ರ ದಶಕದಲ್ಲಿ ನಗರಗಳಲ್ಲಿ ಹೊಸದೊಂದು ಗಾಳಿ ಬೀಸಿತು. ಅದೇ ಡಿಸ್ಕೊ. ದೊಡ್ಡ ಕೋಣೆ. ಬಣ್ಣದ ದೀಪ. ವಾದ್ಯ ನುಡಿಸುವವರು ಬೇಕಿಲ್ಲ. ಒಬ್ಬರು ರೆಕಾರ್ಡು ಹಾಕುತ್ತಾರೆ. ಧಂ ಧಂ ಧಂ ಧಂ ಎಂದು ತಾಳ ಒಂದೇ ಸಮನೆ ಬೀಳುತ್ತದೆ. ಜನ ರಾತ್ರಿಯೆಲ್ಲ ಕುಣಿಯುತ್ತಾರೆ. ಕುಣಿಯುವವರಿಗೆ ಬೇಕಾದದ್ದು ಖುಷಿ.

ಆ ಹೊತ್ತಿಗೆ ಕ್ಯಾಂಡಿಯ ಜೀವನದಲ್ಲಿ ಖುಷಿ ಇರಲಿಲ್ಲ. ಅವರು ಮತ್ತೊಬ್ಬ ಗಂಡಸಿನ ಹಿಂಸೆಯಲ್ಲಿ ಸಿಕ್ಕಿಕೊಂಡಿದ್ದರು. ಹೊರಗೆ ಹೆಸರು, ಚಪ್ಪಾಳೆ. ಒಳಗೆ ಭಯ. ಹೆಸರು ಇದ್ದವರಿಗೂ ಇಂಥ ಕಷ್ಟ ಬರುತ್ತೆ ಅನ್ನೋದನ್ನು ನಾವು ಮರೆಯಬಾರದು.

ಅವರಿಗೆ ಹಾಡು ಬರೆಯುತ್ತಿದ್ದವರು ಡೇವಿಡ್ ಕ್ರಾಫರ್ಡ್. ಒಂದು ದಿನ ಇಬ್ಬರೂ ಕೂತು ಮಾತಾಡಿದರು. ನಿಮ್ಮ ಬದುಕು ಹೇಗೆ ನಡೀತಿದೆ ಎಂದು ಅವರು ಕೇಳಿದರು. ಕ್ಯಾಂಡಿ ಮುಚ್ಚಿಡಲಿಲ್ಲ. ಇರೋದನ್ನು ಇದ್ದ ಹಾಗೆ ಹೇಳಿಕೊಂಡರು. ಕ್ರಾಫರ್ಡ್ ಅದನ್ನೇ ಇಟ್ಟುಕೊಂಡು ಹಾಡು ಬರೆದರು.

ಆ ಹಾಡು 'ಯಂಗ್ ಹಾರ್ಟ್ಸ್ ರನ್ ಫ್ರೀ'. ಹೊರಬಂದದ್ದು 1976ರಲ್ಲಿ. ಸಂಸಾರದ ಬಲೆಯಲ್ಲಿ ಸಿಕ್ಕ ಹೆಂಗಸು ಕಿರಿಯರಿಗೆ ಬುದ್ಧಿ ಹೇಳುವ ಹಾಡು ಅದು. ನನ್ನ ಹಾಗೆ ಸಿಕ್ಕಿಬೀಳಬೇಡಿ, ಸ್ವತಂತ್ರವಾಗಿ ಬದುಕಿ ಎಂಬುದು ಅದರ ಸಾರ. ಮಾತು ನೋವಿನದು. ತಾಳ ಮಾತ್ರ ಕುಣಿಯುವಂಥದ್ದು!

ಅಮೆರಿಕದಲ್ಲಿ ಸೋಲ್ ಹಾಡುಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಬ್ರಿಟನ್ನಿನಲ್ಲಿ ಎಲ್ಲ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂತು. ಲಕ್ಷಗಟ್ಟಲೆ ಜನ ಅದಕ್ಕೆ ಕುಣಿದರು. ಒಬ್ಬ ಹೆಂಗಸು ಬಾಯಿಬಿಟ್ಟು ಹೇಳಿದ ಕಷ್ಟ ಎಷ್ಟೋ ಹೆಂಗಸರ ಹಾಡಾಯಿತು.

ಹಾಡಿದ ದಿನವೇ ಎಲ್ಲ ಸರಿಹೋಯಿತಾ? ಇಲ್ಲ. ಆ ಬಲೆಯಿಂದ ಹೊರಗೆ ಬರಲು ಕ್ಯಾಂಡಿಗೆ ಕಾಲ ಬೇಕಾಯಿತು. ಆದರೆ ಕೊನೆಗೆ ಹೊರಗೆ ಬಂದರು.

ಬಿದ್ದರು, ಎದ್ದರು

ಇನ್ನೊಂದು ಕಷ್ಟವೂ ಇತ್ತು. ತಂದೆಯ ಕುಡಿತದಿಂದ ನೊಂದ ಮಗಳು ತಾನೂ ಕುಡಿತಕ್ಕೆ ಬಿದ್ದರು. ದುಃಖ ಮರೆಯಲು ಕುಡಿದರೆ ದುಃಖ ಹೋಗಲ್ಲ. ದುಡ್ಡು ಹೋಗುತ್ತೆ, ಆರೋಗ್ಯ ಹೋಗುತ್ತೆ. 1980ರ ದಶಕದ ಮೊದಲಲ್ಲಿ ಅವರು ಕುಡಿತ ಬಿಟ್ಟರು. ಅಷ್ಟರಲ್ಲಿ ಡಿಸ್ಕೊ ಗಾಳಿಯೂ ತಣ್ಣಗಾಗಿತ್ತು. ಅವರು ಮತ್ತೆ ದೇವರ ಹಾಡಿಗೆ ಮರಳಿದರು. ಎಷ್ಟೋ ವರ್ಷ ಅದನ್ನೇ ಹಾಡಿದರು.

1986ರಲ್ಲಿ 'ಯು ಗಾಟ್ ದ ಲವ್' ಎಂಬ ಹಾಡು ಹಾಡಿದರು. ದೇವರ ಪ್ರೀತಿಯೇ ಆಸರೆ ಎಂಬ ಹಾಡು. ಆಗ ಅದು ದೊಡ್ಡ ಹೆಸರು ಮಾಡಲಿಲ್ಲ. ಆಮೇಲೆ ಬ್ರಿಟನ್ನಿನಲ್ಲಿ ಅವರ ದನಿಯನ್ನು ಬೇರೆ ಸಂಗೀತಕ್ಕೆ ಜೋಡಿಸಿದರು. 1991ರಲ್ಲಿ ಅದು ಅಲ್ಲಿನ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು. ಆಗ ಕ್ಯಾಂಡಿಗೆ 50 ದಾಟಿತ್ತು. ಅವರ ಮಕ್ಕಳ ವಯಸ್ಸಿನವರು ಆ ಹಾಡಿಗೆ ಕುಣಿದರು!

2006ರಲ್ಲಿ ಅವರು ಮತ್ತೆ ಸೋಲ್ ಹಾಡುಗಳ ಆಲ್ಬಂ ತಂದರು. 2018ರಲ್ಲಿ ಅವರಿಗೆ ಸ್ತನದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಗ ವಯಸ್ಸು 78. ಚಿಕಿತ್ಸೆ ತೆಗೆದುಕೊಂಡರು. ಗುಣವಾದರು. ಮತ್ತೆ ಹಾಡಿದರು.

ನಾವು ತಿಳಿಯಬೇಕಾದ್ದು

ಕ್ಯಾಂಡಿ ದೇವತೆ ಅಲ್ಲ. ಅವರು ತಪ್ಪು ಮಾಡಿದರು, ಬಿದ್ದರು, ಎದ್ದರು. ನಮ್ಮ ಹಾಗೇ ಒಬ್ಬ ಹೆಂಗಸು. ಅವರಲ್ಲಿ ನಾವು ಮೆಚ್ಚುವ ಗುಣ ಒಂದು: ಹಿಂಸೆಯನ್ನು ಸೆರಗಿನಲ್ಲಿ ಮುಚ್ಚಿಡಲಿಲ್ಲ. ಯಾರೋ ಕೇಳಿದಾಗ ಹೇಳಿದರು. ಕೇಳಿದವರು ಕಿವಿಗೊಟ್ಟರು.

ಮನೆ ಮರ್ಯಾದೆ ಹೋಗುತ್ತೆ ಎಂದು ನಾವು ಎಷ್ಟೋ ಸಲ ಸುಮ್ಮನಿರುತ್ತೇವೆ. ಹೊಡೆಯೋದು ತಪ್ಪು. ಹೇಳೋದು ತಪ್ಪಲ್ಲ. ನಂಬಿಕೆ ಇರುವ ಒಬ್ಬರಿಗೆ ಹೇಳಬೇಕು. ಹೇಳುವವರು ಬಂದಾಗ ನಾವು ಕಿವಿಗೊಡಬೇಕು. ಹೆಂಗಸರ ಸಹಾಯಕ್ಕೆ 181 ಎಂಬ ಫೋನ್ ನಂಬರ್ ಇದೆ. ಈ ಮೂರು ಅಂಕಿಗಳನ್ನು ಬರೆದು ಇಟ್ಟುಕೊಳ್ಳೋಣ.

ಓದಿದ್ದೀರಿ, ಈಗ ಮಾತಾಡೋಣ

1. ಕ್ಯಾಂಡಿ ಹಾಡು ಕಲಿತದ್ದು ಎಲ್ಲಿ?
2. ಸೋಲ್ ಎಂದರೆ ಏನು?
3. 1976ರ ಹಾಡು ಹುಟ್ಟಿದ್ದು ಹೇಗೆ?
4. ಕಷ್ಟ ಹೇಳುವ ಹಾಡು ನಿಮಗೆ ಯಾವುದು ಗೊತ್ತು? ಎಲ್ಲರೂ ಸೇರಿ ಹಾಡಿ. ಆಮೇಲೆ ಅದರ ಎರಡು ಸಾಲನ್ನು ನಿಮ್ಮ ಕೈಯಾರೆ ಬರೆಯಿರಿ.