ಹೆಬ್ಬೆರಳಗಲದ ಮೋರೇರ ಬೆಟ್ಟ

ಕಿನ್ನಾಳದ ಆ ಚಿತ್ರಗಾರರ ಮನೆಯೊಳಗೆ ಬೆಳಕು ಮಬ್ಬಾಗಿತ್ತು. ಗೋಡೆಗುಂಟ ಸಾಲಾಗಿ ನಿಂತ ಕಟ್ಟಿಗೆಯ ದೇವತಾ ಬೊಂಬೆಗಳಲ್ಲಿ ಯಾರು ಯಾರೆಂದು ತಿಳಿಯಲು ಹತ್ತಿರ ಹೋಗಿ ಕೈಯಲ್ಲಿ ಹಿಡಿದ ಆಯುಧ ನೋಡಬೇಕಿತ್ತು. ಗರುಡನೊಬ್ಬನಿಗೆ ಆ ತನಿಖೆ ಬೇಕಾಗಲಿಲ್ಲ. ಹೊಸ್ತಿಲಾಚೆ ನಿಂತಾಗಲೇ ಅವನ ರೆಕ್ಕೆ, ಕೊಕ್ಕಿನ ಮೂಗು, ಊರಿದ ಮೊಣಕಾಲು ಕಂಡುಬಿಟ್ಟಿದ್ದವು. ಜೊತೆಗೆ ಬಂದಿದ್ದ ಅಕ್ಕನ ಮಗ ಮೊಬೈಲಿನಲ್ಲಿ ಆ ಮೂಲೆಯ ಫೋಟೊ ತೆಗೆದ. ಎರಡು ಬೆರಳಿನಿಂದ ಚಿವುಟಿ ಚಿವುಟಿ ಉಗುರಿನಷ್ಟು ಮಾಡಿದ. ಉಳಿದ ದೇವರೆಲ್ಲ ಬಣ್ಣದ ಚುಕ್ಕೆಗಳಾದರು.

"ನೋಡ್ರಿ ಮಾಮಾ, ಇವ ಇನ್ನೂ ಗರುಡನ ಅದಾನ" ಅಂದ.

ಅವನ ಊರು ನವಲಿ. ಪತ್ರಿಕೆ ಓದುವವರಿಗೆ ನವಲಿ ಎಂದರೆ ನೆನಪಾಗುವುದು ತುಂಗಭದ್ರೆಯ ಹೂಳಿಗೆ ಪರಿಹಾರವೆಂದು ವರ್ಷಗಟ್ಟಲೆ ಮಾತಿನಲ್ಲೇ ತುಂಬಿ ತುಳುಕುತ್ತಿರುವ ಸಮತೋಲನ ಜಲಾಶಯ. ನನಗೆ ಈಗ ನೆನಪಾಗುವುದು ಈ ಹುಡುಗ ಕಟ್ಟುತ್ತಿರುವ ವಿಡಿಯೊ ಗೇಮ್. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಮೋರೇರ ಮನೆಗಳೆಂದು ಜನ ಕರೆಯುವ ಬೃಹತ್ ಶಿಲಾ ಸಮಾಧಿಗಳಿವೆಯಲ್ಲ, ಆಟದ ಕತೆ ನಡೆಯುವುದು ಅಲ್ಲಿ. ಮೋರೇರು ಕುಳ್ಳರು, ಈ ಚಪ್ಪಡಿ ಗೂಡುಗಳಲ್ಲೇ ಬಾಳಿದವರು ಎಂಬುದು ಊರವರ ಕತೆ. ಪುರಾತತ್ವದವರ ಪ್ರಕಾರ ಇವು ಎರಡು ಸಾವಿರ ವರ್ಷಕ್ಕೂ ಹಳೆಯ ಸಮಾಧಿಗಳು, ಸುಮಾರು 400. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲೇ ಇವನ್ನು ಕಂಡಿದ್ದ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಆಟಕ್ಕೆ ಬೇಕಾದ್ದು ಊರವರ ಕತೆ. ನಾನೂ ಆ ಪಕ್ಷವೇ.

ಆಟ ಒಂದು ಹದಕ್ಕೆ ಬಂದಿದೆ. ಸೋತಿರುವುದು ಮುಖಪುಟದಲ್ಲಿ, ಅಂದರೆ ಅಂಗಡಿಯ ಪುಟದಲ್ಲಿ ಆಟದ ಹೆಸರಿನೊಂದಿಗೆ ಕಾಣುವ ಆ ಒಂದು ಚಿತ್ರದಲ್ಲಿ. ಅವನು ಬರೆದಿದ್ದ ಚಿತ್ರ ಕಂಪ್ಯೂಟರ್ ಪರದೆಯ ಮೇಲೆ ಭರ್ಜರಿಯಾಗಿತ್ತು: ಬೆಟ್ಟ, ಕೆರೆ, ಹುಣ್ಣಿಮೆ, ಏಳು ಮಂದಿ ಮೋರೇರು, ಒಂದು ಕರಡಿ, ಹಿಂದೆ ಮಿಂಚು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ ಕೊಡಬೇಕಾದ ಚಿಕ್ಕ ಪಟ್ಟಿಯ ಅಳತೆ 462 × 174 ಪಿಕ್ಸೆಲ್. ಹುಡುಕಾಟದ ಸಾಲಿನಲ್ಲಿ ಅದು ಇನ್ನೂ ಕುಗ್ಗಿ ಕಾಣುತ್ತದೆ. ಗೂಗಲ್ ಪ್ಲೇಯ ಐಕಾನನ್ನು 512 × 512ರ ಚೌಕದಲ್ಲಿ ಕೊಟ್ಟರೂ ಫೋನಿನಲ್ಲಿ ಅದು ಹೆಬ್ಬೆರಳಗಲಕ್ಕಿಂತ ದೊಡ್ಡದಾಗುವುದಿಲ್ಲ. ಅಷ್ಟರಲ್ಲಿ ಏಳು ಮೋರೇರು ಏಳು ಮಸಿಕಲೆಗಳಾದರು. ಕರಡಿ ಬಂಡೆಯಾಯಿತು.

ಇದು ಹೊಸ ಕಷ್ಟವೇನಲ್ಲ. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಜರುಗಿಸಿ ಇಡುತ್ತಿದ್ದರು. ಕಾಣುತ್ತಿದ್ದದ್ದು ಮೇಲಿನ ನಾಲ್ಕು ಬೆರಳು. 'ಚಂದಮಾಮ'ದ ಎಂ.ಟಿ.ವಿ. ಆಚಾರ್ಯ, ವಪಾ ಇವರ ಮುಖಪುಟಗಳನ್ನು ನೆನೆದುಕೊಳ್ಳಿ. ಪುರಾಣದ ಒಂದೇ ಪ್ರಸಂಗ, ಅದರಲ್ಲೂ ಒಂದೇ ಗಳಿಗೆ. ಸೇನೆಯಿದ್ದರೆ ಹಿಂದೆ ಎಲ್ಲೋ, ತೆಳು ಬಣ್ಣದಲ್ಲಿ. ಈಗ ಆಟ ಕಟ್ಟುವವರಿಗೆ ಬೇಕಾದ ಪಾಠವೂ ಬಹುಪಾಲು ಇಷ್ಟೇ. ಒಂದು ಆಕೃತಿ, ಹಿನ್ನೆಲೆಯಿಂದ ಅದನ್ನು ಬಿಡಿಸಿ ತೋರಿಸುವಷ್ಟು ಬೆಳಕು-ಕತ್ತಲೆಯ ಅಂತರ, ಓದಲು ಬರುವ ಹೆಸರು. ಬಣ್ಣ ತೆಗೆದು ಕಪ್ಪು-ಬಿಳುಪಿನಲ್ಲಿ ನೋಡಿದಾಗ ಆಕೃತಿ ಮಾಯವಾದರೆ ಎಷ್ಟು ಬಣ್ಣ ಹಚ್ಚಿದರೂ ವ್ಯರ್ಥ. ಮೊದಲು 'ಪ್ರಶಸ್ತಿ ವಿಜೇತ', 'ಅರ್ಧ ಬೆಲೆ' ಎಂದೆಲ್ಲ ಚಿತ್ರದ ಮೇಲೇ ಬರೆದು ಕಣ್ಣು ಸೆಳೆಯುತ್ತಿದ್ದರು. 2022ರ ಸೆಪ್ಟೆಂಬರಿನಿಂದ ಸ್ಟೀಮ್ ಅದನ್ನು ನಿಲ್ಲಿಸಿತು. ಮುಖ್ಯ ಚಿತ್ರಪಟ್ಟಿಗಳಲ್ಲಿ ಆಟದ ಚಿತ್ರ, ಹೆಸರು, ಉಪಶೀರ್ಷಿಕೆ ಬಿಟ್ಟರೆ ಬೇರೇನೂ ಇರುವಂತಿಲ್ಲ. ಒಳ್ಳೆಯದೇ ಆಯಿತು.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೊಂದು ತೊಡಕು. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಕೆಳಗೆ ಒತ್ತು. ಅಗಲ ಹೆಚ್ಚು, ಎತ್ತರ ಕಮ್ಮಿ ಇರುವ ಪಟ್ಟಿಯಲ್ಲಿ ಒತ್ತಕ್ಷರವಿರುವ ಹೆಸರು ಬರೆದರೆ ಮೇಲೂ ಕೆಳಗೂ ಜಾಗ ಬಿಟ್ಟು ನಡುವಿನ ಅಕ್ಷರ ಸಣ್ಣದಾಗುತ್ತದೆ. 'ಮೋರೇರು' ಎಂಬ ಹೆಸರಿಗೆ ಒಂದೂ ಒತ್ತಿಲ್ಲ, ಪುಣ್ಯ.

ಇಲ್ಲಿ ನನ್ನದೊಂದು ಹಳೆಯ ಹುಚ್ಚು ಹೇಳಲೇಬೇಕು. 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ 'ಇಕೊ' ಎಂಬ ಆಟ ಬಂತು. ಕೋಡು ಮೂಡಿದ ಹುಡುಗ, ಬೆಳ್ಳನೆಯ ಹುಡುಗಿ, ಖಾಲಿ ಕೋಟೆ. ಒಂದೇ ಆಟಕ್ಕೆ ಎರಡು ಮುಖಪುಟ. ಅಮೆರಿಕದಲ್ಲಿ ಮೊದಲು ಬಿಡುಗಡೆಯಾದಾಗ ಹಾಕಿದ್ದು ಹುಡುಗನ ದೊಡ್ಡ ಮುಖ, ಕೈಯಲ್ಲಿ ದೊಣ್ಣೆ. ಜಪಾನಿನಲ್ಲೂ ಯುರೋಪಿನಲ್ಲೂ ಬಂದದ್ದು ಆಟದ ನಿರ್ದೇಶಕ ಫುಮಿತೊ ಉಯೆಡಾ ತಾನೇ ಬರೆದ ಚಿತ್ರ. ಇಟಲಿಯ ಜಾರ್ಜೊ ಡಿ ಕಿರಿಕೊನ ಬಯಲುಗಳನ್ನು ನೆನಪಿಸುವ ಹಳದಿ ಬಿಸಿಲು, ಕಮಾನುಗಳು, ಉದ್ದುದ್ದ ನೆರಳು, ಅದರಲ್ಲಿ ಕೈಹಿಡಿದು ಓಡುವ ಎರಡು ಪುಟಾಣಿ ಜೀವ. ಅಮೆರಿಕದಲ್ಲಿ ಆಟ ಸೊರಗಿದ್ದಕ್ಕೆ ಆ ದೊಣ್ಣೆಯ ಮುಖಪುಟವೂ ಕಾರಣ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಒಂದು ಆಟ ಸೋಲಲು ನೂರು ಕಾರಣ. ಆದರೆ ನಿಯಮದ ಪುಸ್ತಕ ಹಿಡಿದು ನೋಡಿದರೆ ಗೆಲ್ಲಬೇಕಾದದ್ದು ದೊಣ್ಣೆಯದೇ: ದೊಡ್ಡ ಮುಖ, ಎದ್ದು ಕಾಣುವ ಆಕೃತಿ. ಉಯೆಡಾನ ಚಿತ್ರದಲ್ಲಿ ನಾಯಕ ಇರುವೆಯಷ್ಟು. ಆದರೂ ಎರಡನ್ನೂ ಉಗುರಿನಷ್ಟು ಮಾಡಿ ಪಕ್ಕ ಪಕ್ಕ ಇಟ್ಟರೆ ಕಣ್ಣು ಹೋಗುವುದು ಹಳದಿ ಬಯಲಿಗೆ. ಅಲ್ಲಿ ಆಕೃತಿಯಾಗಿರುವುದು ಮನುಷ್ಯನಲ್ಲ, ನೆರಳು. ಆನೆಗೊಂದಿಯ ಹೊಳೆಯಲ್ಲಿ 64 ಕಂಬದ ಮಂಟಪಕ್ಕೆ ಇಳಿಬಿಸಿಲು ಬಿದ್ದಾಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಹಳೆಯ ವಿಡಿಯೊ ಗೇಮ್ ಕಂಪನಿ ಅಟಾರಿ. 1980ರ 'ಅಡ್ವೆಂಚರ್' ಆಟದ ಡಬ್ಬಿಯ ಮೇಲೆ ಕೋಟೆ, ಘಟಸರ್ಪ, ಜಟಿಲ ದಾರಿ. ಒಳಗೆ ನಾಯಕನೆಂದರೆ ಒಂದು ಚೌಕದ ಚುಕ್ಕಿ. ಘಟಸರ್ಪ ಥೇಟ್ ಬಾತುಕೋಳಿ. ಆಗ ಅದು ಮೋಸ ಎನಿಸಲಿಲ್ಲ, ಡಬ್ಬಿಯ ಚಿತ್ರ ನೋಡಿಕೊಂಡೇ ಮಕ್ಕಳು ಚುಕ್ಕಿಗೆ ಕತ್ತಿ ಕೊಡುತ್ತಿದ್ದರು. ಈಗ ಮುಖಪುಟದ ಪಕ್ಕದಲ್ಲೇ ಆಟದ ವಿಡಿಯೊ ಓಡುತ್ತಿರುತ್ತದೆ, ಸುಳ್ಳು ಅರೆಗಳಿಗೆಯೂ ಬಾಳುವುದಿಲ್ಲ.

ನಮ್ಮಲ್ಲಿ ಪುರಾಣದ ಆಟ ಎಂದ ಕೂಡಲೇ ಎಲ್ಲರೂ ಹೆಸರಿಸುವುದು ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' (2020). ರಾಜಸ್ಥಾನದ ಕೋಟೆ, ಪಹಾಡಿ ಚಿತ್ರದ ಬಣ್ಣ, ನಡುವೆ ತ್ರಿಶೂಲ ಹಿಡಿದ ಹುಡುಗಿ. ಪಾಶ್ಚಾತ್ಯ ಆಟಗಳ ನೂರು ಹಿಮದ ಕೋಟೆಗಳ ಸಾಲಿನಲ್ಲಿ ಅದು ಬೇರೆಯಾಗಿ ಕಾಣುತ್ತದೆ ಎಂಬುದೇ ಅದರ ಅರ್ಧ ಬಲ. ನಮ್ಮ ಹುಡುಗನ ಮೊದಲ ಚಿತ್ರದಲ್ಲಿ ಮಿಂಚಿನ ಕೆಳಗೆ ಸಣ್ಣಗೆ ಹಿಮವೂ ಇತ್ತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಹಿರೇಬೆಣಕಲ್ಲಿನಲ್ಲಿ ಹಿಮ!

ಕಿನ್ನಾಳಕ್ಕೆ ಅವನನ್ನು ಎಳೆದುಕೊಂಡು ಹೋದದ್ದು ಅದಕ್ಕೇ. ಇಲ್ಲಿಯ ಚಿತ್ರಗಾರರ ಹಿರಿಯರಿಗೆ ವಿಜಯನಗರದ ನಂಟು ಹೇಳುತ್ತಾರೆ. ಹಂಪಿ ವಿರೂಪಾಕ್ಷನ ಗುಡಿಯ ಮುಚ್ಚಿಗೆಯ ಚಿತ್ರಗಳೂ ಅವರ ಕೈಯವೇ ಎಂಬ ಪ್ರತೀತಿ ಇದೆ. ಹಗುರ ಕಟ್ಟಿಗೆಯಲ್ಲಿ ಅಂಗಾಂಗ ಕೆತ್ತಿ, ಹುಣಸೆಬೀಜದ ಸರಿಯಲ್ಲಿ ಕಟ್ಟಿಗೆ ಪುಡಿ ಕಲಸಿದ ಕಿಟ್ಟದಿಂದ ಮೈ ತುಂಬಿ, ಅರಳೆ ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಒಡವೆಯ ಗೆರೆಗಳನ್ನು ಉಬ್ಬಿಸಿ, ಆಮೇಲೆ ಬಣ್ಣ. ನನ್ನ ಕಣ್ಣು ನೆಟ್ಟದ್ದು ಕೆಲಸದ ಈ ಕ್ರಮದ ಮೇಲೆ. ಬಣ್ಣ ಬರುವ ಮುಂಚೆಯೇ, ಬೆಳ್ಳಗೆ ಬೋಳಾಗಿ ನಿಂತ ಬೊಂಬೆಗಳಲ್ಲೂ ಗರುಡ ಗರುಡನಾಗಿಯೇ ಇದ್ದ. ಬಣ್ಣ ಬಂದ ಮೇಲೂ ಕೆಂಪು ಕೆಂಪೇ, ಹಸಿರು ಹಸಿರೇ. ಒಂದು ಇನ್ನೊಂದರಲ್ಲಿ ಕರಗುವುದಿಲ್ಲ, ನಡುವೆ ಗೆರೆ ಕಾವಲು ನಿಂತಿರುತ್ತದೆ. ಕಣ್ಣಂತೂ ಮುಖದ ಅಳತೆ ಮೀರಿ ಅಗಲ. ಪ್ಲಾಸ್ಟಿಕ್ ಬೊಂಬೆಗಳ ನುಣುಪಿಗೆ ಒಗ್ಗಿದವರು ಇದನ್ನು ಒರಟು ಎನ್ನಬಹುದು. ಗುಡಿಯ ಕತ್ತಲಲ್ಲಿ, ಜಾತ್ರೆಯ ದೂರದಲ್ಲಿ ನಿಂತವನಿಗೂ ಕಾಣಬೇಕೆಂದು ಬೆಳೆದ ಕಲೆಗೆ ನುಣುಪು ಯಾಕೆ ಬೇಕು?

ಹುಡುಗ ಅಲ್ಲೇ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಗೀಚತೊಡಗಿದ. ಆರು ಮೋರೇರು ಹೋದರು. ಕರಡಿ, ಕೆರೆ, ಹಿಮ ಹೋದವು. ಉಳಿದದ್ದು ಒಂದು ಚಪ್ಪಡಿಗಲ್ಲು, ಅದರಲ್ಲಿ ಮೋರೇರ ಮನೆಗಳಿಗಿರುವಂಥದೇ ದುಂಡನೆಯ ಕಿಂಡಿ, ಕಿಂಡಿಯಿಂದ ಅರ್ಧ ಹೊರಬಂದ ಕುಳ್ಳ. ಕಿಂಡಿಯ ಒಳಗೆ ಕಿನ್ನಾಳದ ಕೆಂಪು. ಕುಳ್ಳನ ಕಣ್ಣು ಗರುಡನಿಂದ ಎರವಲು. ಉಗುರಿನಷ್ಟು ಮಾಡಿದಾಗಲೂ ಕಿಂಡಿ ಮುಚ್ಚಲಿಲ್ಲ.

ನನಗೆ ಆಸೆ ಹೆಚ್ಚಾಯಿತು. ಕುಳ್ಳನ ಹಿಂದೆ ಗರುಡನ ರೆಕ್ಕೆಯೂ ಬರಲಿ, ಆಕೃತಿ ಇನ್ನೂ ಎದ್ದು ಕಾಣುತ್ತದೆ ಎಂದೆ. ಅವನು ತಲೆ ಎತ್ತದೆ ಹೇಳಿದ: "ಕವರಿನ್ಯಾಗ ಗರುಡನ್ನ ಬರದ್ರ ಆಟದಾಗೂ ಅವನ್ನ ಹಾರಸಬೇಕಾಗ್ತೈತಿ, ಮಾಮಾ. ರೆಕ್ಕಿ ಬಡಿಯೋದು ಮಾಡಾಕ ಮೂರು ತಿಂಗಳು. ಕೋಡ್ ನೀವ ಬರೀತೀರೇನು?"