ಹೆಸರೆತ್ತಿ ಹೇಳಿದವರು

ಬಡೋದೆಯ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು ಮುಂಬಯಿಯ ಟೌನ್ ಹಾಲಿನ ಸಭೆಯೊಂದರಲ್ಲಿ, ಅಸ್ಪೃಶ್ಯರೆನಿಸಿಕೊಂಡ ಸಮಾಜದಿಂದ ಯೋಗ್ಯನಾದ ವಿದ್ಯಾರ್ಥಿ ಬಂದಲ್ಲಿ ಆತನ ಉಚ್ಚ ಶಿಕ್ಷಣಕ್ಕೆ ತಾವು ನೆರವಾಗುವುದಾಗಿ ಘೋಷಿಸಿದ್ದರು. ಘೋಷಣೆಯೇನೋ ಉದಾತ್ತವಾದುದು, ಆದರೆ ಫೋರ್ಟ್ ವಿಭಾಗದ ಆ ಭವ್ಯ ಸಭಾಗೃಹದಲ್ಲಿ ಆಡಿದ ಮಾತು, ಪರೇಲಿನ ಗಿರಣಿ ಕೆಲಸಗಾರರ ನಡುವೆ, ಚಾಳಿನ ಇಕ್ಕಟ್ಟಿನಲ್ಲಿ ಓದುತ್ತಿದ್ದ ತರುಣನೊಬ್ಬನನ್ನು ತಾನಾಗಿ ಹುಡುಕಿಕೊಂಡು ಹೋಗುವುದು ಶಕ್ಯವಿರಲಿಲ್ಲ. ಆ ತರುಣನನ್ನು ಮಹಾರಾಜರ ಸಮ್ಮುಖಕ್ಕೆ ಕರೆದೊಯ್ದವರು ಕೃಷ್ಣಾಜಿ ಅರ್ಜುನ ಕೆಳೂಸ್ಕರರು; ತರುಣರು ಭೀಮರಾವ್ ಅಂಬೇಡ್ಕರರು.

ಕೆಳೂಸ್ಕರರು ವಿಲ್ಸನ್ ಹೈಸ್ಕೂಲಿನ ಉಪಾಧ್ಯಾಯರು, ಮರಾಠಿಯಲ್ಲಿ ಬುದ್ಧಚರಿತೆಯನ್ನು ಬರೆದ ವಿದ್ವಾಂಸರು. ಅಂಬೇಡ್ಕರರು ಓದುತ್ತಿದ್ದುದು ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಾದುದರಿಂದ ಕೆಳೂಸ್ಕರರು ಇವರ ತರಗತಿಯ ಗುರುಗಳಲ್ಲ, ಇವರ ಸಮಾಜದವರೂ ಅಲ್ಲ. ಚರ್ನಿ ರೋಡಿನ ಉದ್ಯಾನದಲ್ಲಿ ಸಂಜೆಯ ಹೊತ್ತು ಪುಸ್ತಕ ಹಿಡಿದು ಕೂರುತ್ತಿದ್ದ ಬಾಲಕನನ್ನು ತಾವಾಗಿ ಮಾತನಾಡಿಸಿ, ಓದನ್ನು ವಿಚಾರಿಸಿ, ಆತನು 1907ರಲ್ಲಿ ಮೆಟ್ರಿಕ್ಯುಲೇಷನ್ ತೇರ್ಗಡೆಯಾದಾಗ ನಡೆದ ಅಭಿನಂದನ ಸಭೆಯಲ್ಲಿ ತಮ್ಮ ಗ್ರಂಥವನ್ನೇ ಉಡುಗೊರೆಯಾಗಿತ್ತರು. ಇಂಟರ್‌ಮೀಡಿಯೇಟಿನ ತರುವಾಯ ತಂದೆಯ ಕೈ ಬರಿದಾಗಿ ಓದು ನಿಲ್ಲುವಂತಾದಾಗ ಮಹಾರಾಜರ ಭೇಟಿ ಮಾಡಿಸಿದರು. ಕೇಳಿದ ಪ್ರಶ್ನೆಗಳಿಗೆ ದೊರೆತ ಉತ್ತರಗಳಿಂದ ತೃಪ್ತರಾದ ಮಹಾರಾಜರು ತಿಂಗಳಿಗೆ 25 ರೂಪಾಯಿಗಳ ವೇತನವನ್ನು ಗೊತ್ತುಮಾಡಿದರು. 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಲು ಮೂರು ವರ್ಷಗಳ ಮಟ್ಟಿಗೆ ತಿಂಗಳೊಂದಕ್ಕೆ ಹನ್ನೊಂದೂವರೆ ಪೌಂಡುಗಳನ್ನು ಮಂಜೂರು ಮಾಡಿದುದೂ ಅದೇ ಸಂಸ್ಥಾನವೇ. ಹಿಂದಿರುಗಿದ ಮೇಲೆ ಹತ್ತು ವರ್ಷ ಬಡೋದೆಯ ಸೇವೆ ಮಾಡತಕ್ಕದ್ದೆಂಬ ಕರಾರಿಗೆ ಅಂಬೇಡ್ಕರರು ರುಜು ಹಾಕಿದರು.

ಧನವಿತ್ತ ರಾಜನನ್ನು ಲೋಕವು ಸ್ಮರಿಸುತ್ತದೆ, ಅದು ಯುಕ್ತವೂ ಹೌದು. ಆದರೆ ಶಿಷ್ಯವೇತನಗಳ ಇತಿಹಾಸದಲ್ಲಿ ಕೆಳೂಸ್ಕರರಂತಹವರ ಪಾತ್ರವೇ ಹೆಚ್ಚು ದುರ್ಲಭವೆಂದು ನನ್ನ ಬಲವಾದ ನಂಬಿಕೆ. ಇಂದು ಪಾಶ್ಚಾತ್ಯ ದೇಶಗಳ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ, ಯಾವ ಸಮುದಾಯದವರು ಒಂದು ಶಾಸ್ತ್ರದಲ್ಲಿ ಅಪರೂಪವಾಗಿರುವರೋ ಅಂತಹವರಿಗಾಗಿ ಮೀಸಲಾದ ಸಂಶೋಧನ ವೇತನಗಳುಂಟು. ಅವುಗಳಲ್ಲಿ ಕೆಲವಕ್ಕೆ ವಿದ್ಯಾರ್ಥಿಯು ತಾನೇ ಅರ್ಜಿ ಹಾಕುವಂತಿಲ್ಲ, ಅಧ್ಯಾಪಕ ವಿಭಾಗವೇ ಆತನ ಹೆಸರನ್ನು ಸೂಚಿಸಬೇಕು. ಇಂತಹ ವೇತನವನ್ನು ಬರಿಯ ದಯೆಯೆಂದು ತಿಳಿಯುವವರು 1916ರ ಮೇ 9ನೆಯ ದಿನವನ್ನು ನೆನೆಯಬೇಕು. ಅಂದು ಕೊಲಂಬಿಯಾದ ಗೋಲ್ಡನ್‌ವೈಸರ್ ಎಂಬ ಮಾನವಶಾಸ್ತ್ರಜ್ಞರ ಗೋಷ್ಠಿಯಲ್ಲಿ ಭಾರತದ ಜಾತಿಗಳ ಉತ್ಪತ್ತಿಯನ್ನು ಕುರಿತು ಅಂಬೇಡ್ಕರರು ಪ್ರಬಂಧವನ್ನೋದಿದರು. ಜಾತಿಯ ಕುರಿತು ಬರೆದ ಪಂಡಿತರು ಅದಕ್ಕೆ ಮೊದಲೂ ಇದ್ದರು. ಅದರ ಭಾರವನ್ನು ಹೆಗಲ ಮೇಲೆ ಹೊತ್ತವನೊಬ್ಬನು ವಿದ್ವತ್ತಿನ ಸಾಧನಗಳಿಂದಲೇ ಅದನ್ನು ಪರೀಕ್ಷಿಸಿದಾಗ, ಶಾಸ್ತ್ರವು ಅದುವರೆಗೆ ಕೇಳದಿದ್ದ ಪ್ರಶ್ನೆಗಳು ಹುಟ್ಟಿದವು.

ಹೆಸರು ಸೂಚಿಸುವವರ ಕಣ್ಣು ಎಲ್ಲರ ಮೇಲೂ ಸಮನಾಗಿ ಬೀಳುವುದೆಂದೇನೂ ಇಲ್ಲ. ಮುಂಬಯಿ ವಿಶ್ವವಿದ್ಯಾನಿಲಯದ ಪ್ರಥಮ ಮಹಿಳಾ ಪದವೀಧರೆ ಕಾರ್ನೀಲಿಯಾ ಸೊರಾಬ್ಜಿಯವರು ಪರೀಕ್ಷೆಯಲ್ಲಿ ಅಗ್ರಸ್ಥಾನ ಗಳಿಸಿದ್ದರೂ, ಆ ಸ್ಥಾನಕ್ಕೆ ಸಲ್ಲಬೇಕಾಗಿದ್ದ ಸರ್ಕಾರಿ ವೇತನವು ಸ್ತ್ರೀಯೆಂಬ ಕಾರಣದಿಂದ ತಪ್ಪಿತು. ಹಿತೈಷಿಗಳ ನೆರವಿನಿಂದ ಅವರು 1889ರಲ್ಲಿ ಆಕ್ಸ್‌ಫರ್ಡನ್ನು ಸೇರಿದರು. ಮುಂಬಯಿ ವಿಶ್ವವಿದ್ಯಾನಿಲಯದ ಮತ್ತೊಬ್ಬ ಪ್ರತಿಭಾವಂತೆ ಕಮಲಾ ಭಾಗವತ್ ಅವರು 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಬಾಗಿಲಿಗೆ ಹೋದಾಗ, ಹೆಂಗಸೆಂದು ಮೊದಲು ನಿರಾಕರಿಸಿ, ಅನಂತರ ನಿಬಂಧನೆಗಳೊಡನೆ ಸೇರಿಸಿಕೊಳ್ಳಲಾಯಿತು. ಅಲ್ಲಿ ಎಂ. ಶ್ರೀನಿವಾಸಯ್ಯನವರಂತಹ ಮಾರ್ಗದರ್ಶಕರು ದೊರೆತುದು ಅವರ ಭಾಗ್ಯ. 1939ರಲ್ಲಿ ಅವರು ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದರು.

ಸ್ವತಃ ವೇತನದಿಂದ ಓದಿದ ಅಂಬೇಡ್ಕರರು 1942ರಲ್ಲಿ ವೈಸರಾಯರಿಗೆ ಸಲ್ಲಿಸಿದ ಮನವಿಯಲ್ಲಿ ದಲಿತ ವಿದ್ಯಾರ್ಥಿಗಳ ಉಚ್ಚ ಶಿಕ್ಷಣಕ್ಕೆ ಹಣ ಬೇಡಿದರು. 1944-45ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಆರಂಭವಾಯಿತು. ಸ್ವಾತಂತ್ರ್ಯಾನಂತರ 1954-55ರಲ್ಲಿ ಬಂದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಇಂದು ವರ್ಷಕ್ಕೆ 125 ಜನರಿಗೆ ದೊರೆಯುವಂತಿದ್ದು, ಕುಟುಂಬದ ವಾರ್ಷಿಕ ವರಮಾನವು 8 ಲಕ್ಷ ರೂಪಾಯಿಗಳನ್ನು ಮೀರಬಾರದೆಂಬ ನಿಯಮವಿದೆ. ಅರ್ಜಿದಾರನು ವಿದೇಶದ ಶ್ರೇಷ್ಠ ವಿಶ್ವವಿದ್ಯಾನಿಲಯದ ಪ್ರವೇಶಪತ್ರವನ್ನು ಮೊದಲೇ ಪಡೆದಿರಬೇಕು, ಆ ಪ್ರವೇಶಕ್ಕೋ ಇಬ್ಬರು ಮೂವರು ಅಧ್ಯಾಪಕರ ಶಿಫಾರಸು ಪತ್ರಗಳು ಬೇಕು. ಆದುದರಿಂದ ಸರ್ಕಾರದ ಅರ್ಜಿಗೆ ಕೈಯಿಡುವ ಮುನ್ನವೇ, ಅಧ್ಯಾಪಕರು ಬರೆಯುವ ಅಥವಾ ಬರೆಯದಿರುವ ನಾಲ್ಕು ಸಾಲುಗಳಲ್ಲಿ ಎಷ್ಟೋ ಮಂದಿಯ ಹಣೆಬರಹ ನಿಶ್ಚಯವಾಗಿಬಿಡುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತು, ಇಂಗ್ಲಿಷ್ ತಡವರಿಸುವ ಸಂಕೋಚದಿಂದ ಬಾಯಿ ತೆರೆಯದ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ಎರಡನೆಯ ಸಲ ಓದುವ ತಾಳ್ಮೆ ಇರಬೇಕಾದುದು ಇಲ್ಲಿಯೇ.

ಮುಂಬಯಿ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕುಂಟು. 1990ರಲ್ಲಿ, ಪರೇಲಿನ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶವನ್ನು ಕುರಿತ ಮೊಕದ್ದಮೆಯಲ್ಲಿ, ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಬಂದ ಪರಿಶಿಷ್ಟರಿಗೆ ಬಂದು ಸೇರಿದ ರಾಜ್ಯದ ಮೀಸಲಾತಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹೀಗಾಗಿ ಇಲ್ಲಿ ಹುಟ್ಟಿ ಬೆಳೆದರೂ ಕಾಗದಪತ್ರಗಳಿಗೆ ತಂದೆಯ ಊರಿನ ಕಡೆಗೆ ಮುಖಮಾಡಬೇಕಾದ ಮಕ್ಕಳಿಗೆ ಕೇಂದ್ರ ಸರ್ಕಾರದ ಯೋಜನೆಗಳೇ ದೊಡ್ಡ ಆಸರೆ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ತಲೆಮಾರುಗಳು ಕಟ್ಟಿದ ನಮ್ಮ ಸಂಘಗಳು ಶಾಲೆ ಕಾಲೇಜುಗಳ ಮಕ್ಕಳಿಗೆ ವರ್ಷವರ್ಷವೂ ಪುರಸ್ಕಾರಗಳನ್ನು ಹಂಚುತ್ತಿವೆ. ಸ್ನಾತಕೋತ್ತರ ಪದವಿ ಮುಗಿಸಿ ಸಂಶೋಧನೆಗೆ ಹಂಬಲಿಸುವವರ ಪಾಲಿಗೆ, ಪ್ರತಿ ಸಂಘದಲ್ಲೂ ಇಬ್ಬರು ನಿವೃತ್ತ ಅಧ್ಯಾಪಕರು ಸಿಕ್ಕರೆ ಸಾಕು: ಯಾವ ವೇತನಕ್ಕೆ ಯಾವ ತಿಂಗಳು ಅರ್ಜಿ ಕರೆಯುವರೆಂದು ತಿಳಿಸುವರು, ಊರಿನ ತಾಲೂಕು ಕಚೇರಿಯಿಂದ ಜಾತಿ ಮತ್ತು ವರಮಾನದ ಪ್ರಮಾಣಪತ್ರಗಳನ್ನು ಸಕಾಲದಲ್ಲಿ ತರಿಸುವಂತೆ ಎಚ್ಚರಿಸುವರು, ಅಗತ್ಯಬಿದ್ದರೆ ವಿದ್ಯಾರ್ಥಿಯನ್ನು ಜೊತೆಯಲ್ಲಿ ಕರೆದುಕೊಂಡು ಮುಂಬಯಿ ವಿಶ್ವವಿದ್ಯಾನಿಲಯದ ಕಲಿನಾ ವಿದ್ಯಾನಗರಿಯಲ್ಲಿ ಅಧ್ಯಾಪಕರ ಬಾಗಿಲು ತಟ್ಟುವರು.